ಪೋಸ್ಟರಿಗೊಂದು ಗೋಡೆ ಕೊಡಿ: ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಆಗಸ್ಟ್ 15 ಹತ್ತಿರ ಬಂತೆಂದರೆ ನಗರದ ತುಂಬ ಶುಭಾಶಯದ ಬ್ಯಾನರುಗಳು ಏಳುತ್ತವೆ. ಆದರೆ ತನ್ನ ಪಾಲಿಗೆ ಸ್ವಾತಂತ್ರ್ಯವೆಂದರೆ ಏನು ಎಂಬುದನ್ನು ಒಬ್ಬ ಕಾಲೇಜು ಹುಡುಗನೋ ಬೀಡಿ ಕಟ್ಟುವ ಹೆಂಗಸೋ ಬಿಡಿಸಿ ಹಚ್ಚಲು ಇಲ್ಲಿ ಜಾಗವಿಲ್ಲ. ತೆರೆದ ಸ್ಥಳಗಳನ್ನು ವಿರೂಪಗೊಳಿಸದಂತೆ ತಡೆಯುವ 1981ರ ಕರ್ನಾಟಕದ ಕಾಯ್ದೆಯ ಪ್ರಕಾರ, ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಪೋಸ್ಟರ್ ಅಂಟಿಸುವುದು ಅಪರಾಧ. ಆ ಕಾಯ್ದೆ ಇರಲಿ. ಅದೇ ಕಾಯ್ದೆ ತಮ್ಮ ಕೈಗಿತ್ತಿರುವ ಅನುಮತಿಯನ್ನು ನಮ್ಮೂರಿನ ಲಾಲ್‌ಬಾಗ್, ಪುರಭವನ, ಬಾವುಟಗುಡ್ಡೆಗಳಲ್ಲಿ ಯಾರು ಬೇಕಾದರೂ ಪೋಸ್ಟರ್ ಹಚ್ಚಬಹುದಾದ ಒಂದೊಂದು ಹಲಗೆಗೆ ಕೊಡಿ ಎಂದು ಕೇಳುತ್ತಿದ್ದೇವೆ.

ಅಚ್ಚಿನ ಕೆಲಸ ಈ ಊರಿಗೆ ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇಲ್ಲಿಯ ಕಲ್ಲಚ್ಚಿನಲ್ಲೇ ಮೂಡಿತು. ಪೋಸ್ಟರಿನಲ್ಲಿ ಸ್ವಾತಂತ್ರ್ಯವೆಂದರೆ ಬಾವುಟ, ಕೋಟೆ, ನಾಯಕರ ಮುಖ ಇಷ್ಟೇ ಎಂದುಕೊಳ್ಳುವವರು 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಚಿತ್ರಕಾರ ನಂದಲಾಲ್ ಬೋಸ್ ಮಾಡಿದ ಚಿತ್ರಗಳನ್ನು ನೋಡಬೇಕು. ದರ್ಜಿ, ಡೋಲು ಬಾರಿಸುವವ, ಭತ್ತ ಕುಟ್ಟುವ ಹೆಂಗಸರು: ದುಡಿಯುವ ಜನರನ್ನೇ ಅವರು ದಪ್ಪ ಗೆರೆಯಲ್ಲಿ ನಿಲ್ಲಿಸಿದರು. ನಮ್ಮ ಮಟ್ಟಿಗೆ ಈ ದೇಶದ ಅತ್ಯುತ್ತಮ ಸ್ವಾತಂತ್ರ್ಯದ ಪೋಸ್ಟರುಗಳು ಅವೇ.

ಇನ್ನು ಕೆಲಸದ ಮಾತು. ಮುರಕಲ್ಲಿನ ಕಾಂಪೌಂಡಿಗೆ ಅಂಟು ನಿಲ್ಲುವುದಿಲ್ಲ. ಕಲ್ಲಿನ ತೂತು ಅದನ್ನು ಕುಡಿದುಬಿಡುತ್ತದೆ, ಮಳೆಗಾಲದಲ್ಲಿ ಪಾಚಿ ಬೇರೆ. ಆದ್ದರಿಂದ 8 ಅಡಿ ಅಗಲ, 4 ಅಡಿ ಎತ್ತರದ, 12 ಮಿ.ಮೀ. ಮೆರೈನ್ ಪ್ಲೈವುಡ್ ಬೇಕು. ಅಂಚುಗಳಿಗೂ ಪೇಂಟ್ ಬಳಿಯಬೇಕು, ನೀರು ನುಗ್ಗುವುದು ಅಲ್ಲಿಂದಲೇ. ಮಳೆ ಕಡಲ ಕಡೆಯಿಂದ ಓರೆಯಾಗಿ ಹೊಡೆಯುವುದರಿಂದ ಹಲಗೆಯ ಮುಖ ಪೂರ್ವಕ್ಕಿರಲಿ, ಮೇಲೊಂದು ಒಂದೂವರೆ ಅಡಿಯ ಸೂರು ಇರಲಿ. ಇಂಥ ಹಲಗೆಯಲ್ಲಿ 20×30 ಇಂಚಿನ ಡಬಲ್ ಕ್ರೌನ್ ಪೋಸ್ಟರುಗಳು ನಾಲ್ಕು ಒಂದೇ ಸಾಲಿನಲ್ಲಿ ಕೂರುತ್ತವೆ.

ಜೊತೆಗೆ ಜನ ಬಂದು ಅಚ್ಚಿನ ಕೆಲಸ ಕಲಿಯಲು ನಲ್ಲಿಯಿರುವ ಒಂದು ಕೋಣೆ ಬೇಕು. ಮುದ್ರಣಕ್ಕೆ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ (ಮೆಶ್) ಮೂಲಕ ಬಣ್ಣ ಒತ್ತುವ ವಿಧಾನ. ಆದರೆ ಮೆಶ್ಶಿಗೆ ಬಳಿದು ಬೆಳಕಿನಲ್ಲಿ ಗಟ್ಟಿಮಾಡುವ ಎಮಲ್ಷನ್ ಬೇಡ. ಆಗಸ್ಟಿನ ತೇವದಲ್ಲಿ ಎಮಲ್ಷನ್ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ; ಬೆಳಕಿಗೆ ಗಟ್ಟಿಯಾಗದೆ ತೊಳೆಯುವಾಗ ಅಕ್ಷರಗಳ ಅಂಚೇ ಕಿತ್ತುಬರುತ್ತದೆ. ತೆಳು ಕಾಗದದಲ್ಲಿ ಅಕ್ಷರದ ಆಕಾರವನ್ನು ಬ್ಲೇಡಿನಲ್ಲಿ ಕತ್ತರಿಸಿ ಮೆಶ್ಶಿನ ಅಡಿಗೆ ಇಟ್ಟರೆ ಸಾಕು. ಮೊದಲ ಸಲ ಸ್ಕ್ವೀಜಿ (ಬಣ್ಣ ಒತ್ತುವ ರಬ್ಬರ್ ಪಟ್ಟಿ) ಎಳೆದಾಗ ಬಣ್ಣವೇ ಅದನ್ನು ಮೆಶ್ಶಿಗೆ ಹಿಡಿಸುತ್ತದೆ, ಠ, ದ, ಥಗಳ ಒಳಗಿನ ಬಿಡಿ ತುಂಡುಗಳನ್ನೂ. ನಲವತ್ತು ಐವತ್ತು ಪ್ರತಿ ತೆಗೆಯಬಹುದು, ಆಮೇಲೆ ಕಾಗದ ನೆನೆದು ಸಡಿಲವಾಗುತ್ತದೆ. ಹೊಸಬರು ಎಡವುವುದು ಒತ್ತಕ್ಷರಗಳಲ್ಲಿ. ‘ತ್ರ್ಯ’ದಂಥ ಅಕ್ಷರದಲ್ಲಿ ಒತ್ತುಗಳ ನಡುವೆ 3 ಮಿ.ಮೀ. ಜಾಗ ಬಿಡದಿದ್ದರೆ ಬಣ್ಣ ಹರಡಿ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. ನೀರಿನಲ್ಲಿ ತೊಳೆಯಬಹುದಾದ ಅಕ್ರಿಲಿಕ್ ಶಾಯಿ ಬಳಸಬಹುದು. ಬೇಸಿಗೆಯಲ್ಲಿ ಅದು ಮೆಶ್ಶಿನಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಆ ಕಾಟ ಕಡಿಮೆ. ಆದರೆ ಹಾಳೆಗಳು ಒಣಗಲು ಒಂದಿಡೀ ದಿನ ಹಗ್ಗದ ಮೇಲಿರಬೇಕು. ಅವಸರದಲ್ಲಿ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ.

ಕಾಗದ 90 ಜಿಎಸ್‌ಎಂ (ಚದರ ಮೀಟರಿಗೆ 90 ಗ್ರಾಂ) ತೂಕದ ಮ್ಯಾಪ್ಲಿಥೊ, ಅಂದರೆ ಹೊಳಪಿಲ್ಲದ ಅಚ್ಚಿನ ಕಾಗದ ಇರಲಿ. ಅಂಟಿಗೆ ಒಂದು ಕಿಲೋ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಆರು ಲೀಟರ್ ಕುದಿಯುವ ನೀರಿಗೆ ಸುರಿದು, ಹೊಳಪು ಬರುವವರೆಗೆ ತಿರುವಬೇಕು. ಅರೆಬೆಂದ ಅಂಟು ಮರುದಿನವೇ ಹುಳಿಯುತ್ತದೆ. ತೋಟದವರು ಬಳಸುವ ಮೈಲುತುತ್ತು (ಕಾಪರ್ ಸಲ್ಫೇಟ್) ಹತ್ತು ಗ್ರಾಂ ಬೆರೆಸಿದರೆ ಬೂಸ್ಟು, ಜಿರಳೆ ದೂರ. ಅದು ವಿಷ, ಅಲ್ಯೂಮಿನಿಯಂ ಪಾತ್ರೆಯನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೈಗವಸು ಹಾಕಿಯೇ ಬೆರೆಸಬೇಕು. ಹಾಳೆಯ ಹಿಂಬದಿಗೆ ಅಂಟು ಬಳಿದು ಎರಡು ನಿಮಿಷ ಬಿಡಬೇಕು. ನೆನೆದ ಕಾಗದ ಹಿಗ್ಗುತ್ತದೆ. ಹಿಗ್ಗುವ ಮೊದಲೇ ಹಚ್ಚಿದರೆ ಸುಕ್ಕು ಬೀಳುತ್ತದೆ.

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹಲಗೆಯ ನಿಯಮ. ಪೋಸ್ಟರನ್ನು ಮೊದಲು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂದರೆ ಜನ ತಮಗನಿಸಿದ್ದನ್ನು ಬಿಡುತ್ತಾರೆ, ಅಧಿಕಾರಿಗೆ ಹಿಡಿಸುವುದನ್ನು ಬಿಡಿಸುತ್ತಾರೆ. ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಹಕ್ಕಿಗೆ ಮಿತಿಗಳು 19(2)ರಲ್ಲಿವೆ, ಅಷ್ಟು ಸಾಕು. ಅಭಿರುಚಿ, ಮುಜುಗರ, ‘ಯಾರಿಗಾದರೂ ಬೇಸರವಾದೀತು’ ಎಂಬವು ಆ ಪಟ್ಟಿಯಲ್ಲಿಲ್ಲ. ಅನುಮತಿ ಹಲಗೆಗಿರಲಿ, ಒಂದೊಂದು ಚಿತ್ರಕ್ಕೆ ಬೇಡ. ಯಾವುದನ್ನಾದರೂ ತೆಗೆಯಲೇಬೇಕಾದರೆ ಕಾರಣವನ್ನು ಬರೆದು, ತೆಗೆದ ಜಾಗದಲ್ಲೇ ಅಂಟಿಸಬೇಕು. ಜಾಹೀರಾತು, ಶುಭಾಶಯ, ಪಕ್ಷದ ಚಿಹ್ನೆಗಳಿಗೆ ಈ ಹಲಗೆಗಳಲ್ಲಿ ಜಾಗ ಬೇಡ. ಹದಿನೈದು ದಿನಕ್ಕೊಮ್ಮೆ ಬಿಸಿನೀರು ಸವರಿ ಕೆರೆದು, ಹಲಗೆಯನ್ನು ಮುಂದಿನವರಿಗೆ ಸಿದ್ಧ ಮಾಡುವ ಕೆಲಸ ನಮ್ಮದು.

ಹಲಗೆಗೆ ಎರಡು ಕೋಟ್ ಪೇಂಟ್ ಒಣಗಬೇಕು, ಕಲಿಯುವವರಿಗೆ ಎರಡು ವಾರವಾದರೂ ಬೇಕು. ಆಗಸ್ಟ್ 15ರ ಬೆಳಿಗ್ಗೆ ಪೋಸ್ಟರುಗಳು ಗೋಡೆಯಲ್ಲಿರಬೇಕಾದರೆ ತಮ್ಮ ಲಿಖಿತ ಆದೇಶ ಜುಲೈ ಮೊದಲ ವಾರದೊಳಗೆ ಹೊರಡಬೇಕು.

ಇಂತಿ,
ಮಂಗಳೂರಿನ ಕೈಯಚ್ಚು ಕಲಾವಿದರು