ರಕ್ಷಿಸಲು ಇಳಿಯುವವರ ರಕ್ಷಣೆ

ಒಳಚರಂಡಿ ಗುಂಡಿಗೆ ಬಿದ್ದವರನ್ನು ಮೇಲೆತ್ತಲು ಇಳಿದವರೂ ಉಸಿರುಗಟ್ಟಿ ಸತ್ತ ಸುದ್ದಿ ಓದಿದಾಗ, ಇದನ್ನು ಕೇವಲ ದುರದೃಷ್ಟವೆನ್ನಲು ಮನಸ್ಸು ಒಪ್ಪುವುದಿಲ್ಲ. ಇಂತಹ ಕಡೆ ಕೊಲ್ಲುವುದು ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್ ಮತ್ತು ಆಮ್ಲಜನಕದ ಕೊರತೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆಯೇ ಎಂದು ನೋಡಿ ಇಳಿಯುವವರಿದ್ದಾರೆ. ಆದರೆ ಈ ಅನಿಲದ ಪ್ರಮಾಣ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ದಾಟಿದರೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ನಿಂತರೆ ಅಪಾಯ ಹೆಚ್ಚಿರಲೂಬಹುದು. ಉರಿಯುವ ದೀಪ ಇಳಿಸಿ ಪರೀಕ್ಷಿಸುವುದಂತೂ ಮೀಥೇನ್ ಇದ್ದಲ್ಲಿ ಸ್ಫೋಟಕ್ಕೆ ಆಹ್ವಾನ. ಬಟ್ಟೆಯ ಮುಸುಕಾಗಲಿ, ಎನ್-95 ಮಾಸ್ಕ್ ಆಗಲಿ ಅನಿಲವನ್ನು ತಡೆಯವು. ಅನಿಲ ಶೋಧಿಸುವ ಕ್ಯಾನಿಸ್ಟರ್ ಮಾಸ್ಕ್ ಕೂಡ, ಗುಂಡಿಯಲ್ಲೇ ಇಲ್ಲದ ಆಮ್ಲಜನಕವನ್ನು ಒದಗಿಸಲಾರದು.

ನಾಲ್ಕು ಅನಿಲ (ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್, ಮೀಥೇನ್‌ನಂತಹ ಉರಿಯುವ ಅನಿಲ) ಅಳೆಯುವ ಮಾಪಕವನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಪ್ರತ್ಯೇಕವಾಗಿ ನೋಡಬೇಕು. ಏಕೆಂದರೆ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಮೀಥೇನ್ ಹಗುರ. ಪ್ರತಿ ಮಟ್ಟದಲ್ಲೂ ಅಂಕಿ ಸ್ಥಿರವಾಗುವವರೆಗೆ ಕಾಯಬೇಕು, ಅವಸರದಲ್ಲಿ ತಪ್ಪುವುದು ಇಲ್ಲೇ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಸಿಲಿಂಡರ್ ಸಹಿತ ಉಸಿರಾಟದ ಸಾಧನವಿಲ್ಲದೆ ಯಾರೂ ಇಳಿಯಬಾರದು. ಬ್ಲೋವರ್‌ನಿಂದ ಗಾಳಿ ಹಾಯಿಸುವಾಗ ಅದನ್ನು ವಾಹನದ ಹೊಗೆಕೊಳವೆಯಿಂದ ದೂರ ಇಡಬೇಕು.

ಕಾರ್ಮಿಕನಿಗೆ ಮೊದಲೇ ಹಾರ್ನೆಸ್ (ಮೈಗೆ ಬಿಗಿಯುವ ಸುರಕ್ಷತಾ ಪಟ್ಟಿ) ತೊಡಿಸಿ, ಹಗ್ಗವನ್ನು ಗುಂಡಿಯ ಮೇಲಿಟ್ಟ ಮುಕ್ಕಾಲಿಯ (ಮೂರು ಕಾಲಿನ ಚೌಕಟ್ಟು) ವಿಂಚ್‌ಗೆ, ಅಂದರೆ ಹಗ್ಗ ಸುತ್ತಿ ಮೇಲೆಳೆಯುವ ಯಂತ್ರಕ್ಕೆ, ಜೋಡಿಸಿದ್ದರೆ ಎರಡನೆಯವರು ಇಳಿಯಬೇಕಾದ ಪ್ರಮೇಯ ಬಹುಪಾಲು ಬಾರದು. ಮಾಪಕ, ಬ್ಲೋವರ್, ಮುಕ್ಕಾಲಿ ಈ ಮೂರೂ ಸ್ಥಳದಲ್ಲಿಲ್ಲದೆ ಮುಚ್ಚಳ ತೆರೆಯಲು ಅನುಮತಿ ಕೊಡಬಾರದು. ರಕ್ಷಣಾ ತಂಡಗಳಿಗೆ ಇವುಗಳ ಅಣಕು ಕಾರ್ಯಾಚರಣೆಯನ್ನು ನಿಯಮಿತವಾಗಿ ಕಡ್ಡಾಯಗೊಳಿಸಬೇಕು.