ಮಗಳಿಗೊಂದು ಪತ್ರ: ಜಾಂಜಗೀರಿನ ಆನಿ ಮೇಡಂ

ಪುಟ್ಟಿ,

ಐರ್ಲೆಂಡಿನ ಕಾರ್ಕ್ ತಲುಪಿದೆ ಅಂತ ನಿನ್ನ ಮೆಸೇಜ್ ಬಂದ ಮೇಲೇನೇ ನಂಗೆ ನಿದ್ದೆ ಹತ್ತಿದ್ದು. ಫೋನಲ್ಲಿ ಹೇಳೋಕೆ ಹೋದ್ರೆ ಗಂಟಲು ಕಟ್ಕೊಳ್ಳುತ್ತೆ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ತಪ್ಪುಗಿಪ್ಪು ಇದ್ರೆ ಅನುಸರಿಸ್ಕೊಂಡು ಓದ್ಕೋ.

ಆವತ್ತು ರಾತ್ರಿ ನಿಮ್ಮ ಮಾವ ಫೋನ್ ಮಾಡಿ "ಅಮ್ಮಂಗೆ ಡೆಂಗ್ಯೂ, ಪ್ಲೇಟ್ಲೆಟ್ 22 ಸಾವಿರಕ್ಕೆ ಇಳಿದಿದೆ, ಬೇಗ ಹೊರಡು" ಅಂದನಂತೆ, ನೀನು ದೀಪಾವಳಿಗೆ ಅಂತ ಮಾಡಿಸಿಟ್ಟಿದ್ದ ಟಿಕೆಟ್ನ ಮೇಲೆ ದುಡ್ಡು ಕಟ್ಟಿ ಮಾರನೇ ದಿನಕ್ಕೇ ಬದಲಾಯಿಸಿದ್ಯಂತೆ. ವಾರ್ಡಿನ ಬಾಗಿಲಲ್ಲಿ ಬ್ಯಾಗ್ ಹೆಗಲಿಂದ ಇಳಿಸದೇ ನಿಂತಿದ್ಯಲ್ಲ, ಸ್ವೆಟರ್ ಒಳಗೆ ಹೊರಗೆ ಆಗಿತ್ತು, ಹೊಲಿಗೆಯೆಲ್ಲ ಮೇಲೆ ಕಾಣ್ತಿತ್ತು, ಆ ಗಾಬರಿಯಲ್ಲಿ ಹಂಗೇ ಹಾಕ್ಕೊಂಡು ಬಂದುಬಿಟ್ಟಿದ್ದೆ. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಡಿಸ್ಚಾರ್ಜ್ ಆಗಿ ಬಂದ ಮೇಲೆ ಮಲಗಿ ಮಲಗಿ ಬೇಜಾರಾಗಿ ನೀನು ಹೋದ ವರ್ಷ ಕೋವ್ ಊರಿಂದ ಕಳ್ಸಿದ್ದ ಫೋಟೋಗಳನ್ನ ನೋಡ್ತಾ ಇದ್ದೆ, ಆ ಬಣ್ಣಬಣ್ಣದ ಮನೆಗಳು, ಮೇಲೆ ದೊಡ್ಡ ಚರ್ಚು, ನೀರಲ್ಲಿ ಕೊಳೀತಾ ನಿಂತಿರೋ ಮರದ ಕಂಬಗಳು. ಟೈಟಾನಿಕ್ ಕೊನೇ ಸಲ ನಿಂತಿದ್ದು ಇದೇ ಊರ ಹೊರಗೆ, ಆಗ ಕ್ವೀನ್ಸ್‌ಟೌನ್ ಅಂತಿದ್ರು ಅಂತ ನೀನೇ ಬರೆದಿದ್ದೆ. ಹಂಗೇ ಆ ಹಡಗಲ್ಲಿದ್ದವರ ಬಗ್ಗೆ ಓದ್ತಾ ಹೋದೆ. ಅಲ್ಲಿ ಸಿಕ್ಕಿದ್ದು ಆನಿ ಫಂಕ್. ನಮ್ಮ ದೇಶದಿಂದ ಹೋದವಳು ಕಣೇ, ಅಮ್ಮನ್ನ ನೋಡೋಕೆ ಅಂತ.

ಹುಟ್ಟಿದ್ದು 1874ರ ಏಪ್ರಿಲ್ 12ಕ್ಕೆ, ಅಮೆರಿಕದ ಪೆನ್ಸಿಲ್ವೇನಿಯಾದ ಬ್ಯಾಲಿ ಅನ್ನೋ ಸಣ್ಣ ಊರಲ್ಲಿ. ಮನೆಯವರು ಮೆನೊನೈಟ್ ಪಂಗಡದ ಕ್ರೈಸ್ತರು. ಆ ಕಡೆ ಒಂದಷ್ಟು ವರ್ಷ ಬಡವರ ಮಧ್ಯೆ ಕೆಲಸ ಮಾಡಿ 1906ರಲ್ಲಿ ಮದುವೆಗಿದುವೆ ಇಲ್ಲದ ಒಂಟಿ ಹೆಂಗಸು ಮಿಷನರಿಯಾಗಿ ಇಂಡಿಯಾಕ್ಕೆ ಬಂದ್ಲು. ಬಂದಿದ್ದು ಜಾಂಜಗೀರಿಗೆ, ಈಗಿನ ಛತ್ತೀಸ್‌ಗಢದಲ್ಲಿ ಬಿಲಾಸ್ಪುರದ ಹತ್ರ. ಹಿಂದಿ ಕಲಿತು 1908ರ ಜುಲೈನಲ್ಲಿ ಒಂದೇ ರೂಮಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದ್ಲು, 17 ಹುಡುಗೀರು.

ಹದಿನೇಳು ಅಂದ್ರೆ ಕಮ್ಮಿ ಅನ್ಸುತ್ತೆ ನಿಂಗೆ. ನಂಗೆ ಗೊತ್ತು ಅದು ಎಷ್ಟು ಅಂತ. 1986ರಲ್ಲಿ ಅರಸೀಕೆರೆ ಕಡೆ ಆ ಏಕೋಪಾಧ್ಯಾಯ ಶಾಲೆಗೆ ನನ್ನ ಟೀಚರಾಗಿ ಹಾಕಿದಾಗ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು 14 ಇತ್ತು, ಬಂದು ಕೂರ್ತಿದ್ದಿದ್ದು ಐದೋ ಆರೋ. ರಾಗಿ ಕೊಯ್ಲು ಬಂದ್ರೆ ಅದೂ ಇಲ್ಲ. ಒಂದು ಹುಡುಗಿ ತಂಗೀನ ಕಂಕುಳಲ್ಲಿ ಎತ್ಕೊಂಡೇ ಬರೋಳು, ಅವಳು ಸ್ಲೇಟಿನ ಮೇಲೆ ಎರಡಕ್ಷರ ಬರೆಯೋಷ್ಟರಲ್ಲಿ ಆ ಕೂಸು ಬಳಪ ಬಾಯಿಗೆ ಹಾಕ್ಕೊಂಡಿರ್ತಿತ್ತು, ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಕಳ್ಸಿ ಕಳ್ಸಿ ಅಂತ ಕೇಳಿ ಕೇಳಿ ನನ್ನ ಚಪ್ಪಲಿ ಸವೀತು. ಇದು 1986, ಸರ್ಕಾರ ನನ್ನ ಹಿಂದಿತ್ತು, ಮಾತಾಡೋಕೆ ನನ್ನದೇ ಭಾಷೆ ಇತ್ತು. 1908ರಲ್ಲಿ, ಕಲಿತ ಹಿಂದೀಲಿ, ಹೆಣ್ಣುಮಕ್ಕಳನ್ನ ಓದಿಸೋದೇ ಅಪರೂಪವಾಗಿದ್ದ ಕಾಲದಲ್ಲಿ ಹದಿನೇಳು ಜನಾನ ಕೂರಿಸಿದ್ಲಲ್ಲ ಆಕೆ. ಧರ್ಮದ ವಿಷಯ ಏನೇ ಇರಲಿ ಪುಟ್ಟಿ, ಒಬ್ಬ ಮೇಷ್ಟ್ರಾಗಿ ನಾನು ಆಕೆಗೆ ಕೈ ಮುಗೀತೀನಿ.

1912ರಲ್ಲಿ ಆನಿಗೆ ತನ್ನ ಊರಿನ ಪಾದ್ರಿಯಿಂದ ಟೆಲಿಗ್ರಾಂ ಬಂತು, ನಿಮ್ಮಮ್ಮನಿಗೆ ತುಂಬಾ ಹುಷಾರಿಲ್ಲ, ತಕ್ಷಣ ಹೊರಟು ಬಾ ಅಂತ. ಥೇಟ್ ನಿಮ್ಮ ಮಾವನ ಮಾತು. ಜಾಂಜಗೀರಿಂದ ಬಾಂಬೆಗೆ ಟ್ರೈನು, ಬಾಂಬೆಯಿಂದ ಪರ್ಷಿಯಾ ಅನ್ನೋ ಹಡಗು, ಹಂಗೂ ಹಿಂಗೂ ಇಂಗ್ಲೆಂಡ್ ಮುಟ್ಟಿದ್ಲು. ಅಲ್ಲಿಂದ ಹೋಗಬೇಕಿದ್ದಿದ್ದು ಹ್ಯಾವರ್‌ಫರ್ಡ್ ಅನ್ನೋ ಬೇರೆ ಹಡಗಲ್ಲಿ. ಆದ್ರೆ ಆಗ ಇಂಗ್ಲೆಂಡಿನ ಕಲ್ಲಿದ್ದಲು ಗಣಿ ಕೆಲಸಗಾರರ ದೊಡ್ಡ ಸ್ಟ್ರೈಕ್ ನಡೆದಿತ್ತು, ಇದ್ದಲಿಲ್ಲದೆ ಎಷ್ಟೋ ಹಡಗು ಹೊರಡಲೇ ಇಲ್ಲ, ಬೇರೆ ಹಡಗುಗಳ ಇದ್ದಲನ್ನೆಲ್ಲ ಗೋರಿ ಟೈಟಾನಿಕ್‌ಗೆ ತುಂಬಿದ್ರು. ಬೇಗ ಹೋಗಬಹುದು ಅಂತ ಈಕೆ ಟಿಕೆಟ್ ಬದಲಾಯಿಸ್ಕೊಂಡ್ಲು, ಇನ್ನಷ್ಟು ದುಡ್ಡು ಹಾಕಿ, 13 ಪೌಂಡಿನ ಸೆಕೆಂಡ್ ಕ್ಲಾಸು.

ಇಲ್ಲಿಗೆ ಬಂದಾಗ ನಾನು ಫೋನ್ ಮಗ್ಗುಲಿಗಿಟ್ಟು ಸುಮ್ನೆ ಸೂರು ನೋಡ್ತಾ ಮಲಗಿಬಿಟ್ಟೆ. ನಿಮ್ಮಪ್ಪ ಜ್ವರ ಮತ್ತೆ ಬಂತಾ ಅಂತ ಹಣೆ ಮುಟ್ಟಿ ನೋಡಿದ್ರು.

ಏಪ್ರಿಲ್ 10ಕ್ಕೆ ಸೌತಾಂಪ್ಟನ್ ಬಿಟ್ಟಿದ್ದು, 11ಕ್ಕೆ ನಿಮ್ಮ ಕೋವ್ ಹೊರಗೆ ನಿಂತಿದ್ದು, 12ಕ್ಕೆ ನಡುನೀರಲ್ಲಿ ಆಕೆಗೆ 38 ತುಂಬಿದ್ದು. 14ರ ರಾತ್ರಿ 11.40ಕ್ಕೆ ಹಿಮದ ಬೆಟ್ಟಕ್ಕೆ ತಾಗಿ ಮಿಕ್ಕಿದ್ದೆಲ್ಲ ನಿಂಗೆ ಗೊತ್ತೇ ಇದೆ. ಆದ್ರೆ ಒಂದು ಲೆಕ್ಕ ಕೇಳು. ಎರಡು ಸಾವಿರದ ಇನ್ನೂರರಷ್ಟು ಜನಕ್ಕೆ ಇದ್ದಿದ್ದು 20 ದೋಣಿ, ಅದ್ರಲ್ಲಿ 1,178 ಜನಕ್ಕೆ ಜಾಗ, ಅದೂ ಪೂರ್ತಿ ತುಂಬಲಿಲ್ಲ. ಸೆಕೆಂಡ್ ಕ್ಲಾಸಲ್ಲಿದ್ದ 93 ಹೆಂಗಸರಲ್ಲಿ 80 ಜನ ಉಳ್ಕೊಂಡ್ರು. ಉಳೀದೇ ಇದ್ದ ಹದಿಮೂರು ಜನದಲ್ಲಿ ಈಕೆ ಒಬ್ಬಳು. ದೋಣಿಯಲ್ಲಿ ತನಗೆ ಸಿಕ್ಕಿದ್ದ ಜಾಗಾನ, ಮಕ್ಕಳು ಆಗಲೇ ದೋಣಿ ಹತ್ತಿದ್ದ ಒಬ್ಬ ತಾಯಿಗೆ ಬಿಟ್ಟುಕೊಟ್ಲು ಅಂತ ಆಕೆಯ ಕಡೆಯವರು ಇವತ್ತಿಗೂ ಹೇಳ್ತಾರೆ. ದೇಹ ಸಿಗಲಿಲ್ಲ. ಬ್ಯಾಲಿಯಲ್ಲಿ ಹೆಸರು ಕೆತ್ತಿದ ಕಲ್ಲೊಂದಿದೆ ಅಷ್ಟೇ.

ಎಲ್ಲಾ ಕಡೆ ಆಕೆಯನ್ನ ಟೈಟಾನಿಕ್‌ನಲ್ಲಿ ಮುಳುಗಿದ ಮಿಷನರಿ ಅಂತಲೇ ಬರೆದಿದಾರೆ ಪುಟ್ಟಿ, ನಂಗದು ಸರಿ ಅನ್ಸಲಿಲ್ಲ. ಹಡಗಲ್ಲಿ ಇದ್ದಿದ್ದು ಐದು ದಿನ, ಜಾಂಜಗೀರಲ್ಲಿ ಇದ್ದಿದ್ದು ಐದು ವರ್ಷದ ಮೇಲೆ. ಮೇಡಂ ಅಮ್ಮನ್ನ ನೋಡ್ಕೊಂಡು ಬರ್ತಾರೆ ಅಂತ ಆ ಹುಡುಗೀರು ಎಷ್ಟು ದಿನ ದಾರಿ ನೋಡಿರಬೇಕು. ಆಮೇಲೆ ಆ ಶಾಲೆಗೆ ಆಕೆಯ ಹೆಸರೇ ಇಟ್ರು, ಈಗ ಶಾಲೆ ನಡೀತಿಲ್ಲ, ಕಟ್ಟಡ ಪಾಳು ಬಿದ್ದಿದೆ. ಹೋಗಿ ನೋಡ್ಬೇಕು ಅಂತ ಆಸೆಯಾಗಿದೆ. ಯಶವಂತಪುರದಿಂದ ಕೋರ್ಬಾಗೆ ಹೋಗೋ ಟ್ರೈನು ಆ ಕಡೆಗೇ ಹೋಗುತ್ತೆ, ಚಳಿಗಾಲ ಕಳೀಲಿ ನೋಡೋಣ ಅಂದ್ರು ನಿಮ್ಮಪ್ಪ.

ಬ್ಯಾಲಿಯಲ್ಲಿ ಹಾಸಿಗೆ ಹಿಡಿದಿದ್ದ ಆ ಅಮ್ಮನ ಬಗ್ಗೆ ಬರೀಬೇಕು ಅಂತಲೇ ಶುರು ಮಾಡಿದ್ದು, ಕೈ ಬರ್ತಿಲ್ಲ ಕಣೇ. ಮಗಳ ಬದಲು ಮನೆಗೆ ಸುದ್ದಿ ಬಂತು ಅಂತಷ್ಟೇ ಬರೀತೀನಿ.

ಇನ್ನೊಂದ್ಸಲ ಹಂಗೆಲ್ಲ ಓಡಿ ಬರಬೇಡ ಅಂತ ಬುದ್ಧಿ ಹೇಳೋಣ ಅಂತಿದ್ದೆ. ಸುಳ್ಳಾಗುತ್ತೆ. ನಿನ್ನ ಬಾಗಿಲಲ್ಲಿ ನೋಡಿದ ಮೇಲೇನೇ ನಾನು ಎರಡು ಚಮಚ ಗಂಜಿ ನುಂಗಿದ್ದು. ಬಾ, ಆದ್ರೆ ಪ್ರತಿ ಏರ್‌ಪೋರ್ಟಲ್ಲೂ ಇಳಿದ ತಕ್ಷಣ ಒಂದು ಮೆಸೇಜ್ ಹಾಕು, ಎಷ್ಟೊತ್ತಾಗಿದ್ರೂ ಸರಿ. ನಿನ್ನೆ ಮತ್ತೆ ಬ್ಲಡ್ ಟೆಸ್ಟ್ ಮಾಡಿಸಿದ್ವಿ, ಪ್ಲೇಟ್ಲೆಟ್ 1 ಲಕ್ಷ 90 ಸಾವಿರ ಇದೆ.

ನಿನ್ನ
ಅಮ್ಮ