ಮೈಸೂರಿನಿಂದ ಬೇಕಲಕ್ಕೆ: ಒಂಟಿ ಸೈಕಲ್ ಪಯಣ ಮುಗಿದ ಬಗ್ಗೆ ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಮೈಸೂರಿನಿಂದ ಹೊರಟು ಮಡಿಕೇರಿ, ಸುಳ್ಯ, ಜಾಲ್ಸೂರು, ಚೆರ್ಕಳ ಮಾರ್ಗವಾಗಿ ಸುಮಾರು 240 ಕಿಲೋಮೀಟರ್ ಒಬ್ಬನೇ ಸೈಕಲ್ ತುಳಿದು, ಮೂರನೆಯ ದಿನ ಸಂಜೆ ಬೇಕಲವನ್ನು ತಲುಪಿದ್ದೇನೆಂದು ತಿಳಿಸಲು ಸಂತೋಷವಾಗುತ್ತದೆ.

ಮುಂದೆ ಹೊರಡುವವರು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯನ್ನು ಹಗುರವಾಗಿ ಕಾಣಬಾರದು. ಸತತವಾಗಿ ಬ್ರೇಕ್ ಹಿಡಿದುದರಿಂದ ನನ್ನ ಹಿಂಚಕ್ರದ ಬ್ರೇಕ್ ಪ್ಯಾಡ್ ಸಂಪೂರ್ಣ ಸವೆದುಹೋಯಿತು. ಬದಲಿ ಜೋಡಿ ಚೀಲದಲ್ಲಿರಲಿ. ಅಲ್ಲಿಂದಾಚೆ ಜೊತೆಗೂಡುವ ಪಯಸ್ವಿನಿಯೇ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುವುದರಿಂದ, ಈ ದಾರಿಯಲ್ಲಿ ಒಂಟಿತನ ಅಷ್ಟಾಗಿ ಕಾಡುವುದಿಲ್ಲ. ಕಾಸರಗೋಡಿನಿಂದ ಮುಂದಕ್ಕೆ ಹೆದ್ದಾರಿ ಬಿಟ್ಟು, ಚಂದ್ರಗಿರಿ ಸೇತುವೆ ದಾಟಿ ಉದುಮ ಮೂಲಕ ಸಾಗುವ ಕರಾವಳಿ ರಸ್ತೆಯೇ ಹತ್ತಿರ.

ಬೇಕಲ ಕೋಟೆಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಮುರಕಲ್ಲಿನಿಂದ ಕಟ್ಟಿಸಿದನೆನ್ನಲಾಗುವ ಈ ಕೋಟೆ ಮುಂದೆ ಹೈದರಾಲಿಯ ವಶವಾಗಿ, 1799ರಲ್ಲಿ ಟಿಪ್ಪು ಮಡಿದ ಬಳಿಕ ಇಂಗ್ಲಿಷರ ಕೈಸೇರಿತು; 1956ರವರೆಗೂ ಇದು ದಕ್ಷಿಣ ಕನ್ನಡದ ನೆಲವೇ ಆಗಿತ್ತು. ಗೋಡೆಯ ಕಿಂಡಿಗಳೊಳಗೆ ಇಣುಕಿ ನೋಡಿ: ದೂರದ ಶತ್ರುವಿಗೊಂದು, ಬುಡಕ್ಕೆ ಬಂದವನಿಗೊಂದು ಎಂಬಂತೆ ಅವುಗಳ ಓರೆಯೇ ಬೇರೆ ಬೇರೆ. ನಡುವಿನ ವೀಕ್ಷಣಾ ಗೋಪುರಕ್ಕೆ, ತೊಡೆಗಳು ಎಷ್ಟೇ ನೊಂದರೂ, ಹತ್ತಲೇಬೇಕು. ಮಧ್ಯಾಹ್ನ ಕೋಟೆಯೊಳಗೆ ನೆರಳು ಕಡಿಮೆಯಿರುವುದರಿಂದ ಬೆಳಗ್ಗೆ ಹೋಗುವುದು ಲೇಸು.

ಮರಳುವಾಗ ಸೈಕಲನ್ನು ರೈಲಿನಲ್ಲಿ ಸಾಗಿಸಲಿದ್ದೇನೆ. ಇದೇ ದಾರಿಯಲ್ಲಿ ಹೊರಡಲಿರುವವರು ದಿನಾಂಕವನ್ನು ಗುಂಪಿನಲ್ಲಿ ತಿಳಿಸಿದರೆ, ನನ್ನಲ್ಲಿರುವ ಮಾರ್ಗನಕ್ಷೆಯನ್ನು ಕಳುಹಿಸಿಕೊಡುತ್ತೇನೆ.